ಎರಡನೆಯ ಸಲ ಕೂಗದ ಸೈರನ್

"ಇನ್ನೊಮ್ಮೆ ಒತ್ತು," ಎಂದೆ.

ಡೀನ್ ಮಿನೇಜಸ್ ಕಿವಿಯಿಂದ ಕೈ ತೆಗೆದು ನನ್ನ ಮುಖ ನೋಡಿದ. ಮೊದಲ ಕೂಗಿಗೇ ಕಿಟಕಿಯ ಗಾಜುಗಳು ನಡುಗಿದ್ದವು. ಕೆಳಗಿನ ಬೇಕರಿಯಿಂದ ಇಬ್ಬರು ರಸ್ತೆಗೆ ಬಂದು, ಮೂರನೇ ಮಹಡಿಯತ್ತ ಕತ್ತೆತ್ತಿ ನಿಂತಿದ್ದರು. ಮಣಿಪಾಲದ ಈಶ್ವರನಗರದಲ್ಲಿ ಮಧ್ಯಾಹ್ನ ಎರಡೂವರೆಗೆ ಸೈರನ್ ಕೂಗಿಸುವ ಹೆಂಗಸು ನಾನೊಬ್ಬಳೇ ಇರಬೇಕು.

"ಕೂಗಿತಲ್ಲ ಝೀಟಾಬಾಯ್. ನಿಮ್ಮ ಕಿವಿಯಲ್ಲೇ ಕೇಳಿದಿರಿ."

"ಕೇಳಿದೆ. ಟೆಸ್ಟ್ ಪರದೆ ಮುಚ್ಚು. ಮತ್ತೆ ತೆರೆದು ಇನ್ನೊಮ್ಮೆ ಒತ್ತು."

ಮೇಜಿನ ಮೇಲಿದ್ದದ್ದು ಕಾಪುವಿನ ಐಸ್ ಪ್ಲಾಂಟಿನ ಗೋಡೆಗೆ ಹಾಕಿದ್ದಂಥದ್ದೇ ಟ್ಯಾಬ್ಲೆಟ್. ಒಳಗಿದ್ದದ್ದು ಡೀನನ ಕಂಪನಿ ಬರೆದ ಅದೇ ಸಾಫ್ಟ್‌ವೇರ್, ತಂತಿಯ ತುದಿಯಲ್ಲಿದ್ದದ್ದು ಅದೇ ಜಾತಿಯ ಸೈರನ್. ಡೀನ್ ಪರದೆ ಮುಚ್ಚಿದ, ತೆರೆದ, ಒತ್ತಿದ.

ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

ಅವನು ನಾನು ಹೇಳದೆಯೇ ಮೂರನೆಯ ಸಲ ಒತ್ತಿದ, ನಾಲ್ಕನೆಯ ಸಲ ಒತ್ತಿದ. ಟ್ಯಾಬ್ಲೆಟ್ಟಿನ ನೆತ್ತಿಯಲ್ಲಿ 'ಸೈರನ್ ಸಿದ್ಧ' ಎಂಬ ಹಸಿರು ಅಕ್ಷರಗಳು ಹಾಗೇ ಇದ್ದವು.

ಹದಿನೇಳು ದಿನಗಳ ಹಿಂದೆ ಇಂಥದ್ದೇ ಮೌನದಲ್ಲಿ ಆ ಪ್ಲಾಂಟಿನ ಆಪರೇಟರ್ ಶೀನ, ಸೋರಿದ ಅಮೋನಿಯಾ ಗ್ಯಾಸನ್ನು ಉಸಿರಿಗೆ ಎಳೆದುಕೊಂಡು ನೆಲಕ್ಕೆ ಬಿದ್ದಿದ್ದರು. ವಾಲ್ವಿನ ನಟ್ಟು ತಾನಾಗಿ ಸಡಿಲವಾಗಿರಲಿಲ್ಲ, ಅದರ ಮೇಲೆ ಸ್ಪ್ಯಾನರಿನ ಹೊಸ ಗೀರು ಇತ್ತು ಎಂಬುದನ್ನು ಕಳೆದ ವಾರವೇ ಪೊಲೀಸರ ಜೊತೆ ನಾನೂ ನೋಡಿದ್ದೆ. ನಟ್ಟು ತಿರುಗಿಸಿದವರು ಯಾರೇ ಇರಲಿ, ಸೈರನ್ ಕೂಗುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಇಲ್ಲದಿದ್ದರೆ ನಡುಹಗಲು ಹನ್ನೆರಡು ಗಂಟೆಗೆ ಅಂಥ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.

ಹಾಗಾಗಿ ಪ್ರಶ್ನೆ ಸ್ಪ್ಯಾನರಿನದ್ದಲ್ಲ. ಸೈರನ್ ಸತ್ತಿದೆ ಎಂಬುದು ಯಾರಿಗೆ ಗೊತ್ತಿತ್ತು ಎಂಬುದೇ ಪ್ರಶ್ನೆ.

ಡೀನ್ ಬಳಿ ಅದಕ್ಕೆ ಉತ್ತರ ಸಿದ್ಧವಿತ್ತು. ಟೈಪ್ ಮಾಡಿ, ಸಹಿ ಹಾಕಿ, ಕವರಿನೊಳಗಿಟ್ಟ ಉತ್ತರ. ಆ ಕವರ್ ಸಂಜೆ ಐದಕ್ಕೆ ಕಾಪು ಠಾಣೆಗೆ ಹೋಗಬೇಕಿತ್ತು. ಸೈರನ್ ಕೆಡಿಸಿದ ಪ್ರೋಗ್ರಾಮಿನ ಸಾಲುಗಳನ್ನು ಬರೆದದ್ದು ತನ್ನ ಕಂಪನಿಯ ಭವ್ಯಶ್ರೀ, ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂದು ಅದರಲ್ಲಿತ್ತು. ಕವರ್ ಠಾಣೆಯ ಮೇಜು ಮುಟ್ಟಿದರೆ ಇಪ್ಪತ್ತನಾಲ್ಕು ವರ್ಷದ ಆ ಹುಡುಗಿಯ ಹೆಸರು ಸ್ಪ್ಯಾನರ್ ಹಿಡಿದವನ ಪಕ್ಕದಲ್ಲೇ ಬರೆಯಲ್ಪಡುತ್ತಿತ್ತು.

ನಾನು ಝೀಟಾ ಕ್ಯಾಸ್ತಲಿನೊ, ಊರು ಶಿರ್ವ. ಇಪ್ಪತ್ತೆರಡು ವರ್ಷ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು. ಈಗ ವಿಮಾ ಕಂಪನಿಯವರ ಪರವಾಗಿ ಕೆಟ್ಟ ಯಂತ್ರಗಳ ಕಾರಣ ಹುಡುಕುತ್ತೇನೆ. ಎರಡೂ ಕೆಲಸದಲ್ಲಿ ಜನ ನನಗೆ ಮನಸ್ಸಿನಿಂದ ಚಹಾ ಕೊಟ್ಟದ್ದಿಲ್ಲ.

ಭವ್ಯಶ್ರೀಯನ್ನು ಕಂಡರೆ ನನಗೆ ಮಮತೆ. ಅದನ್ನು ಮುಚ್ಚಿಡುವುದಿಲ್ಲ. ಮೊನ್ನೆ ಅಲೆವೂರಿನಿಂದ ಎರಡು ಬಸ್ಸು ಬದಲಾಯಿಸಿ ನನ್ನ ಮನೆಗೆ ಬಂದು, ತಪ್ಪು ನನ್ನದೇ ಆಗಿದ್ದರೆ ಮೊದಲು ನನಗೆ ಹೇಳಿ ಮೇಡಂ, ಪೇಪರಿನಲ್ಲಿ ಓದುವ ಹಾಗೆ ಮಾಡಬೇಡಿ ಎಂದಿದ್ದಳು. ಈ ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಕೇಳಿದ ಒಬ್ಬ ಪ್ರೋಗ್ರಾಮರನ್ನೂ ನಾನು ಕಂಡಿರಲಿಲ್ಲ.

ಈಗ ಅವಳು ಕೆಳಗೆ ಬೇಕರಿಯಲ್ಲಿ ಕೂತಿದ್ದಳು. ಮೇಲೆ ಬರುವ ಧೈರ್ಯ ಅವಳಿಗಿರಲಿಲ್ಲ.

ಡೀನ್ ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟ. ತಪ್ಪು ಉಂಟು ಎಂದು ತಾನೂ ಒಪ್ಪುತ್ತೇನೆ, ಪತ್ರದಲ್ಲಿ ಬರೆದದ್ದೂ ಅದನ್ನೇ ಅಲ್ವಾ ಎಂದ. ನಾನು ಅವನ ಕುರ್ಚಿಯನ್ನೇ ಎಳೆದುಕೊಂಡು ಅವನ ಕಂಪ್ಯೂಟರಿನ ಮುಂದೆ ಕೂತೆ. ಅವನ ತಾಯಿ ಒಲಿಂಡಾ ನನ್ನ ಜೊತೆ ಇಗರ್ಜಿಯ ಕಾಯರ್ ಎಂಬ ಹಾಡುಗಾರರ ಗುಂಪಿನಲ್ಲಿ ಇರುವವಳು. ಅಷ್ಟು ಸಲಿಗೆ ನನಗೆ ಇತ್ತು.

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಷ್ಟದ ವಿಷಯವೇನಲ್ಲ.

ಪಡುಗಾಳಿ ಸಿಸ್ಟಮ್ಸ್ ಎಂಬ ಈ ಕಂಪನಿಯ ಸಾಫ್ಟ್‌ವೇರಿನಲ್ಲಿ ಸೈರನ್, ಗ್ಯಾಸ್ ಮೀಟರು, ಪರದೆ ಎಲ್ಲವೂ ಒಂದೊಂದು ವಸ್ತು. ಎಲ್ಲಕ್ಕೂ ಮೂಲ ವಸ್ತು ಒಂದೇ. ಆ ಮೂಲದಿಂದ ಬಂದ ಪ್ರತಿಯೊಂದಕ್ಕೂ ಕೆಲವು ಗುಣಗಳು ಹುಟ್ಟಿನಿಂದಲೇ ಇರುತ್ತವೆ. ನೀನು ಯಾರು ಎಂದು ಕೇಳಿದರೆ ಹೆಸರು ಹೇಳುತ್ತದೆ. ತನ್ನನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂದು ಎಣಿಸುತ್ತಿರುತ್ತದೆ. ಒಬ್ಬರು ಹಿಡಿದರೆ ಎಣಿಕೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದ ಕ್ಷಣ ಅದು ತಾನಾಗಿ ಅಳಿದು, ಮೆಮರಿಯಲ್ಲಿ ತಾನು ಕೂತಿದ್ದ ಜಾಗವನ್ನು ಬಿಟ್ಟುಕೊಡುತ್ತದೆ. ಅದನ್ನು ಯಾರೂ ಕೊಲ್ಲಬೇಕಾಗಿಲ್ಲ.

ನಮ್ಮ ಕಾಯರಿನ ಕೋಣೆಯ ಲೈಟಿನ ಹಾಗೆ. ಬಂದವರು ಬಂದೆ ಎನ್ನಬೇಕು, ಹೋಗುವವರು ಹೊರಟೆ ಎನ್ನಬೇಕು, ಕೊನೆಯವರು ಹೊರಟರೆ ಲೈಟ್ ಆಫ್. ಒಳಗೆ ಬಾರದೇ ಇದ್ದವನೊಬ್ಬ ಬಾಗಿಲಲ್ಲಿ ನಿಂತು ಹೊರಟೆ ಎಂದನೋ, ಒಳಗೆ ಹಾಡುತ್ತಿರುವವಳು ಕತ್ತಲಲ್ಲಿ.

ಕಾಪುವಿನಲ್ಲಿ ಆದದ್ದು ಅದೇ. ಸೈರನ್ನನ್ನು ಹಿಡಿದುಕೊಂಡಿದ್ದದ್ದು ಒಂದೇ ಕೈ, ಗ್ಯಾಸ್ ಕಾಯುವ ಮುಖ್ಯ ಪರದೆಯದ್ದು. ಟೆಸ್ಟ್ ಪರದೆ ಅದನ್ನು ಎರವಲು ತೆಗೆದುಕೊಂಡು ಕೂಗಿಸುತ್ತಿತ್ತು ಅಷ್ಟೇ. ಮುಚ್ಚುವಾಗ ಮಾತ್ರ, ತಾನು ಹಿಡಿಯದೇ ಇದ್ದದ್ದನ್ನು ಬಿಟ್ಟುಬಿಡುತ್ತಿತ್ತು. ಎಣಿಕೆ ಸೊನ್ನೆ. ಸೈರನ್ ಸರಿ ಉಂಟಾ ಎಂದು ಪರೀಕ್ಷಿಸಿದ ಕೂಡಲೇ ಸೈರನ್ ಇಲ್ಲವಾಗುತ್ತಿತ್ತು. ಟ್ಯಾಬ್ಲೆಟ್ ಆಫ್ ಮಾಡಿ ಆನ್ ಮಾಡಿದರೆ ಹೊಸದೊಂದು ಹುಟ್ಟುತ್ತಿತ್ತು, ಮುಂದಿನ ಟೆಸ್ಟಿನವರೆಗೆ.

ಪ್ಲಾಂಟಿನವರಿಗೆ ಇದು ಗೊತ್ತಾಗದೇ ಇದ್ದದ್ದಕ್ಕೆ ಕಾರಣವೂ ಇತ್ತು. ಆ ಕೂಗಿಗೆ ಮಕ್ಕಳು ಎಚ್ಚೆತ್ತು ಅಳುತ್ತವೆ ಎಂದು ಅಕ್ಕಪಕ್ಕದ ಮನೆಯವರು ಜಗಳ ಮಾಡಿ, ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಆರಕ್ಕೆ ಎಂದು ಮಾತಾಗಿತ್ತು. ಶೀನ ಒಂದು ದಿನವೂ ತಪ್ಪಿಸಿದವರಲ್ಲ. ಕಾಪುವಿನ ಆ ಓಣಿಯಲ್ಲಿ ಎಷ್ಟೋ ಮಂದಿ ಆ ಸೈರನ್ ಕೇಳಿ ಚಹಾಕ್ಕೆ ನೀರಿಡುತ್ತಿದ್ದರು. ಎರಡನೆಯ ಸಲ ಒತ್ತಿ ನೋಡುವ ಹಾಗೇ ಇರಲಿಲ್ಲ.

"ಈಗ ಈ ಎರಡು ಸಾಲು ನೋಡು ಡೀನ್," ಎಂದು ಪರದೆಗೆ ಬೆರಳಿಟ್ಟೆ.

ಮೊದಲ ಸಾಲು ಸೈರನ್ನನ್ನು ಬಿಡುತ್ತಿತ್ತು. ಎರಡನೆಯದು, ಸೈರನ್ ಇದ್ದ ಜಾಗಕ್ಕೆ 'ಏನೂ ಇಲ್ಲ' ಎಂದು ಬರೆಯುತ್ತಿತ್ತು. ಮೊದಲನೆಯದೊಂದೇ ಇದ್ದಿದ್ದರೆ ಮುಂದಿನ ಸಲ ಗ್ಯಾಸ್ ಮೀಟರು ಸತ್ತ ಸೈರನ್ನನ್ನು ಕರೆದಾಗ ಇಡೀ ಸಾಫ್ಟ್‌ವೇರ್ ಬಿದ್ದುಹೋಗುತ್ತಿತ್ತು. ಪರದೆ ಕಪ್ಪಾಗುತ್ತಿತ್ತು. ಶೀನ ಏನೋ ಎಡವಟ್ಟಾಗಿದೆ ಎಂದು ತಿಳಿದು ಹೊರಗೆ ಓಡುತ್ತಿದ್ದರು.

ಆದರೆ ಈ ಭಾಷೆಯಲ್ಲಿ 'ಏನೂ ಇಲ್ಲ'ಕ್ಕೆ ಏನು ಹೇಳಿದರೂ ತಪ್ಪಲ್ಲ. ಕೂಗು ಎಂದರೆ ಸುಮ್ಮನಿರುತ್ತದೆ. ನಿನ್ನಲ್ಲಿ ಏನಾದರೂ ದೋಷ ಉಂಟಾ ಎಂದರೆ ಸೊನ್ನೆ ಎಂಬ ಉತ್ತರ ಬರುತ್ತದೆ. ಸೊನ್ನೆ ಎಂದರೆ ದೋಷವಿಲ್ಲ. ದೋಷವಿಲ್ಲದಿದ್ದರೆ ಪರದೆ ಹಸಿರು. ನಾನು ಕೀಲಿಮಣೆಯಲ್ಲಿ ಒಂದು ಸಾಲು ಹೊಡೆದು, ಸೈರನ್, ನೀನು ಯಾರು ಎಂದು ಕೇಳಿದೆ. ಹೆಸರು ಬರಬೇಕಾದಲ್ಲಿ ಖಾಲಿ ಎಂಬ ಒಂದೇ ಪದ ಬಂತು.

ಹೇಳಲು ಹೊಟ್ಟೆ ಉರಿಯುತ್ತದೆ. ಬಿಟ್ಟ ಕೂಡಲೇ ಖಾಲಿ ಮಾಡು ಎಂಬುದು ಒಳ್ಳೆಯ ಅಭ್ಯಾಸ. ಹಳೆಯ ಕಾಲದಲ್ಲಿ ನಾನೇ ಎಷ್ಟು ಹುಡುಗರ ತಲೆಯ ಮೇಲೆ ನಿಂತು ಆ ಎರಡನೆಯ ಸಾಲನ್ನು ಬರೆಸಿದ್ದೆನೋ ಲೆಕ್ಕವಿಲ್ಲ.

"ಭವ್ಯಶ್ರೀ ಕಾಲೇಜು ಮುಗಿಸಿದ್ದು ಯಾವಾಗ?"

"ಎರಡು ವರ್ಷ ಆಯಿತು."

"ಅವಳು ಕಲಿತ ಕಾಲಕ್ಕೆ ಹಿಡಿಯುವುದು, ಬಿಡುವುದು ಎಲ್ಲ ಯಂತ್ರವೇ ಮಾಡ್ತದೆ. ಬಿಡು ಎಂಬ ಸಾಲನ್ನು ಅವಳು ಜನ್ಮದಲ್ಲಿ ಕೈಯಿಂದ ಬರೆದದ್ದಿಲ್ಲ. ಬರೆದರೂ ಯಂತ್ರ ಒಪ್ಪುವುದಿಲ್ಲ. ಒಪ್ಪಬೇಕಾದರೆ ಈ ಫೈಲಿಗೆ ಮಾತ್ರ ಹಳೆಯ ಪದ್ಧತಿ ಅಂತ ಒಂದು ಗುರುತು ಹಾಕಬೇಕು. ಗುರುತು ಉಂಟು. ಅದು ಎಲ್ಲಿರ್ತದೆ ಅಂತ ಮೊನ್ನೆ ಅವಳನ್ನು ಕೇಳಿದೆ. ಗೊತ್ತಿಲ್ಲ ಅಂದಳು."

"ಸುಳ್ಳು ಹೇಳಿರಬಹುದು."

"ಹೇಳಿರಬಹುದು. ಆ ಸಾಲು ಸೇರಿದ್ದು ಶನಿವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ. ಆ ಹೊತ್ತಿಗೆ ಅವಳು ಕಡಿಯಾಳಿಯಲ್ಲಿ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ ಇದ್ದಳು. ಬಡಿಸುತ್ತಿರುವ ಫೋಟೋ ಉಂಟು. ಅವಳ ಕಂಪ್ಯೂಟರ್ ಮಾತ್ರ ಇಲ್ಲೇ ಇತ್ತು."

ಆ ಆಫೀಸಿನಲ್ಲಿ ಕಂಪ್ಯೂಟರುಗಳಿಗೆ ಪಾಸ್‌ವರ್ಡ್ ಇರಲಿಲ್ಲ. ನಾವೆಲ್ಲ ಒಂದೇ ಮನೆಯವರು, ಯಾರ ಮೇಜಿನಲ್ಲಿ ತಪ್ಪು ಕಂಡರೂ ಯಾರು ಬೇಕಾದರೂ ತಿದ್ದಬಹುದು ಎಂಬುದು ಡೀನನ ನಿಯಮ. ಗೋಡೆಯಲ್ಲಿ ಚೌಕಟ್ಟು ಹಾಕಿಸಿ ಬೇರೆ ಇಟ್ಟಿದ್ದ. ಹೀಗಿರುವಾಗ ಭವ್ಯಶ್ರೀಯ ಕಂಪ್ಯೂಟರಿನಲ್ಲಿ ಕೂತು ಯಾರು ಬರೆದರೂ ದಾಖಲೆಯಲ್ಲಿ ಅವಳ ಹೆಸರೇ ಬೀಳುತ್ತಿತ್ತು.

ಈ ಆಫೀಸಿನಲ್ಲಿ ಹಳೆಯ ಪದ್ಧತಿ ಬಲ್ಲವರು ಎಷ್ಟು ಮಂದಿ ಎಂದು ಕೇಳಿದೆ. ಅವನು ಇಲ್ಲಿ ಮೊದಲು ಇದ್ದ ಉಜ್ವಲ್ ಹೆಸರು ಹೇಳಿದ. ಉಜ್ವಲ್ ಕೆಲಸ ಬಿಟ್ಟು ಮೂರು ತಿಂಗಳಾಯಿತು, ಸಾಲು ಸೇರಿ ಇನ್ನೂ ಆರು ವಾರ ಆಗಿಲ್ಲ ಎಂದೆ. ಡೀನ್ ನೀರಿನ ಬಾಟಲಿ ತೆಗೆದುಕೊಂಡ. ಮುಚ್ಚಳ ತೆಗೆಯಲಿಲ್ಲ.

"ನಿನ್ನ ಹಳೆಯ ಫೈಲುಗಳನ್ನು ನಿನ್ನೆ ತೆರೆದು ನೋಡಿದೆ," ಎಂದೆ. "ಹದಿನಾರು ಕಡೆ ಇದೇ ಜೋಡಿ ಸಾಲು. ಬಿಡುವುದು, ಖಾಲಿ ಮಾಡುವುದು, ಆಮೇಲೆ ಒಂದು ಗೆರೆ ಜಾಗ ಬಿಡುವುದು. ಇಲ್ಲಿಯೂ ಒಂದು ಗೆರೆ ಜಾಗ ಉಂಟು. ಕೈಬರಹ ಅಡಗಿಸಬಹುದು ಡೀನ್, ಕೈಯ ಅಭ್ಯಾಸ ಅಡಗುವುದಿಲ್ಲ."

ಅವನು ಬಾಟಲಿಯನ್ನು ಮೇಜಿನ ಮೇಲೆ ಸುತ್ತ ತಿರುಗಿಸತೊಡಗಿದ. ನಾನು ಕಾದೆ. ತಪ್ಪು ಹುಡುಕುವವರಿಗೆ ಕೊನೆಗೆ ಬೇಕಾಗುವುದು ಬಾಯಿ ಮುಚ್ಚಿ ಕೂರುವ ವಿದ್ಯೆ.

"ಕಾರ್ಕಳಕ್ಕೆ ಬರೆದದ್ದು," ಎಂದ ಕೊನೆಗೆ.

ಆಮೇಲೆ ಎಲ್ಲ ಬಂತು. ಕಾರ್ಕಳದ ಒಂದು ಹಾಲು ಶೀತಲೀಕರಣ ಕೇಂದ್ರದಲ್ಲೂ ಇದೇ ಸಾಫ್ಟ್‌ವೇರ್ ಇತ್ತು. ಅಲ್ಲಿಯ ಟ್ಯಾಬ್ಲೆಟ್ ವಾರದೊಳಗೆ ನಿಧಾನವಾಗಿ, ಆಮೇಲೆ ನಿಂತೇಹೋಗುತ್ತಿತ್ತು. ಅಲ್ಲಿಯ ವ್ಯವಸ್ಥೆ ಬೇರೆ. ಟೆಸ್ಟ್ ಪರದೆ ಪ್ರತಿ ಸಲ ತನಗಾಗಿ ಒಂದು ಹೊಸ ಸೈರನ್ ಹುಟ್ಟಿಸಿ, ಮುಚ್ಚುವಾಗ ಅದನ್ನು ಬಿಡುವುದನ್ನು ಮರೆಯುತ್ತಿತ್ತು. ಯಾರಿಗೂ ಬೇಡದ, ಆದರೂ ಅಳಿಯದ ಸೈರನ್ನುಗಳು ಮೆಮರಿ ತುಂಬ. ಶನಿವಾರ ಅವರು ಫೋನಿನಲ್ಲಿ ಬೈದರು. ಡೀನ್ ಹತ್ತಿರವಿದ್ದ ಭವ್ಯಶ್ರೀಯ ಕಂಪ್ಯೂಟರಿನಲ್ಲಿ ಕೂತು, ಹಳೆಯ ಕೈಯಲ್ಲಿ ಎರಡು ಸಾಲು ಸೇರಿಸಿ, ಎಲ್ಲ ಗಿರಾಕಿಗಳಿಗೂ ಕಳಿಸಿಬಿಟ್ಟ. ಕಾರ್ಕಳದ ಟ್ಯಾಬ್ಲೆಟ್ ಸರಿಯಾಯಿತು. ಕಾಪುವಿನಲ್ಲಿ ಸೈರನ್ ಎರವಲಿನದ್ದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

"ಗೊತ್ತಾದದ್ದು ಯಾವಾಗ?"

"ಶೀನಣ್ಣ ಬಿದ್ದ ಮರುದಿನ." ಅವನ ಕಣ್ಣು ಕೆಂಪಾಗಿತ್ತು. "ನಟ್ಟು ಬಿಚ್ಚಿದ್ದು ನಾನಲ್ಲ ಝೀಟಾಬಾಯ್. ಮಮ್ಮಿಯ ಆಣೆ. ಸೈರನ್ ಸತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಕಾಪುವಿನಿಂದ ಒಂದೇ ಒಂದು ಫೋನ್ ಬಂದಿದ್ದರೆ ಹತ್ತು ನಿಮಿಷದಲ್ಲಿ ಆ ಸಾಲು ತೆಗೀತಿದ್ದೆ. ಬರಲಿಲ್ಲ."

ಅದು ನಿಜವೇ ಇರಬೇಕು. ಗಿರಾಕಿಗಳ ಫೋನುಗಳನ್ನು ಬರೆದಿಡುವ ದೂರುಗಳ ಪುಸ್ತಕವನ್ನು ನಾನು ಮೊದಲ ದಿನವೇ ನೋಡಿದ್ದೆ. ಕಾಪುವಿನ ಹೆಸರಿನಲ್ಲಿ ಒಂದಕ್ಷರ ಇರಲಿಲ್ಲ.

ಒಂದು ವಿಷಯ ಮಾತ್ರ ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಶೀನ ಬಿದ್ದ ದಿನದ ದಾಖಲೆಯ ಪ್ರತಿ ನನ್ನ ಚೀಲದಲ್ಲಿತ್ತು. ಬೆಳಿಗ್ಗೆ ಆರು ಗಂಟೆ ಎರಡು ನಿಮಿಷಕ್ಕೆ ಟೆಸ್ಟ್. ಆರು ಐದಕ್ಕೆ ಟ್ಯಾಬ್ಲೆಟ್ ಆಫ್ ಆಗಿ ಮತ್ತೆ ಆನ್. ಅಂದರೆ ಆ ಹೊತ್ತಿಗೆ ಸೈರನ್ ಮತ್ತೆ ಜೀವಂತ. ಹತ್ತು ಐವತ್ತೆರಡಕ್ಕೆ ಇನ್ನೊಂದು ಟೆಸ್ಟ್. ಅಲ್ಲಿಗೆ ಮತ್ತೆ ಸತ್ತಿತು. ಹನ್ನೆರಡು ಹತ್ತಕ್ಕೆ ಗ್ಯಾಸ್.

ದಿನಕ್ಕೆ ಒಂದೇ ಸಲ ಎಂದು ಓಣಿಗೆಲ್ಲ ಮಾತು ಕೊಟ್ಟವರು ಆ ದಿನ ಎರಡನೆಯ ಸಲ ಯಾಕೆ ಒತ್ತಿದರು?

ಕರೆಂಟ್ ಹೋಗಿ ಬಂದಿರಬೇಕು, ಅನುಮಾನಕ್ಕೆ ಇನ್ನೊಮ್ಮೆ ಒತ್ತಿರಬೇಕು ಎಂದ ಡೀನ್. ಇರಬಹುದು ಎಂದುಕೊಂಡೆ. ನನಗೆ ಬೇಕಾದದ್ದು ಸಿಕ್ಕಿತ್ತು. ಬೇಕಾದದ್ದು ಸಿಕ್ಕಿದಾಗ ನಾನೂ ಉಳಿದವರ ಹಾಗೇ ಉದಾಸೀನ ಮಾಡುತ್ತೇನೆ ಎಂದು ಆ ದಿನವೇ ತಿಳಿಯಬೇಕಿತ್ತು.

ಅವನು ನನ್ನೆದುರೇ ಹಳೆಯ ಪತ್ರ ಹರಿದ. ಹೊಸದನ್ನು ಬರೆದ. ಸಾಲು ನನ್ನದು, ಭವ್ಯಶ್ರೀಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ ಎಂದು. ಆ ಕೊನೆಯ ಮಾತನ್ನು ಬರೆಯುವಾಗ ಪೆನ್ನು ಎತ್ತಿ, ಇದನ್ನು ನಾನು ಹೇಗೆ ಹೇಳಲಿ, ಅವಳ ಮನಸ್ಸಿನಲ್ಲಿದ್ದದ್ದು ನನಗೆ ಎಂತ ಗೊತ್ತು ಎಂದು ಕೇಳಿದ. ನಾನು ಗದರಿಸಿದೆ. ಆ ಮಾತಿಗೆ ಜವಾಬ್ದಾರಿ ನನ್ನದು, ಬೇಕಾದರೆ ಕೆಳಗೆ ನಾನೂ ಸಹಿ ಹಾಕುತ್ತೇನೆ ಎಂದೆ.

ಹಾಕಿಯೂ ಹಾಕಿದೆ. ಅವನು ಸ್ಕೂಟರ್ ಹತ್ತಿ ಕಾಪುವಿಗೆ ಹೊರಟ.

ಬೇಕರಿಯಲ್ಲಿ ಭವ್ಯಶ್ರೀಯ ಮುಂದೆ ಒಂದು ಪಫ್ ತಣ್ಣಗಾಗಿ ಕೂತಿತ್ತು. ನಿನ್ನ ತಪ್ಪಲ್ಲ ಮಗಾ ಎಂದೆ. ಎರಡು ಸಾಲಿನ ಕತೆ ಪೂರ್ತಿ ಹೇಳಿದೆ. ಅವಳು ಅತ್ತಳು, ಆಮೇಲೆ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡು ನಕ್ಕಳು. ನಾನು ಅವಳ ತಲೆ ಸವರಿದೆ. ಮಕ್ಕಳಿಲ್ಲದ ಹೆಂಗಸು ಇಂಥ ಹೊತ್ತಿನಲ್ಲಿ ಸ್ವಲ್ಪ ಹೆಚ್ಚೇ ಮೆತ್ತಗಾಗುತ್ತಾಳೆ.

ಶೀನ ಇದ್ದ ಆಸ್ಪತ್ರೆ ಅಲ್ಲಿಂದ ಐದು ನಿಮಿಷದ ದಾರಿ. ಬಾ, ಅಕ್ಕುವನ್ನು ನೋಡಿ ಬರುವ ಎಂದೆ. ಅಕ್ಕು ಎಂದರೆ ಶೀನರ ಹೆಂಡತಿ. ಹದಿನೇಳು ದಿನಗಳಿಂದ ಐಸಿಯುವಿನ ಹೊರಗಿನ ಬೆಂಚಿನಲ್ಲೇ ಇದ್ದವರು.

"ನಾನು ಬರುವುದಿಲ್ಲ ಮೇಡಂ."

"ಯಾಕೆ?"

"ಅವರ ಮುಖ ನೋಡಲಿಕ್ಕೆ ಆಗುವುದಿಲ್ಲ."

ಸಂಕೋಚ ಎಂದುಕೊಂಡೆ. ತಪ್ಪಿಲ್ಲದೆಯೂ ನಾಚುವ ಮಕ್ಕಳು ನಮ್ಮ ಕಡೆ ಇನ್ನೂ ಉಂಟಲ್ಲ ಎಂದು ಸಂತೋಷವೂ ಆಯಿತು. ತಪ್ಪು ಮಾಡದವಳು ಮುಖ ಮುಚ್ಚಿಕೊಳ್ಳುವುದು ಬೇಡ ಎಂದು ಕೈ ಹಿಡಿದು ಎಬ್ಬಿಸಿದೆ. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳಲು ಅವಳಿಗೆ ಎರಡು ಸಲ ಹೇಳಬೇಕಾಯಿತು.

ಅಕ್ಕು ಬೆಂಚಿನ ತುದಿಯಲ್ಲಿ ಕೂತು ಬಟ್ಟೆಯ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದರು. ನನ್ನನ್ನು ಕಂಡು, ಬನ್ನಿ ಬಾಯಮ್ಮ ಎಂದು ಜಾಗ ಮಾಡಿಕೊಟ್ಟರು. ಬೆಳಿಗ್ಗೆ ಶೀನ ಕಾಲಿನ ಬೆರಳು ಆಡಿಸಿದರಂತೆ, ಡಾಕ್ಟರು ಒಳ್ಳೆಯ ಲಕ್ಷಣ ಎಂದರಂತೆ. ಭವ್ಯಶ್ರೀ ನನ್ನ ಬೆನ್ನ ಹಿಂದೆ ನಿಂತಿದ್ದಳು. ಅಕ್ಕು ಊಟ ಆಯಿತಾ ಎಂದು ಕೇಳಿದಾಗ ತಲೆ ಆಡಿಸಿದಳು. ಯಾವ ಊರು ಎಂದು ಕೇಳಿದಾಗ ನನ್ನ ಮುಖ ನೋಡಿದಳು. ಅಲೆವೂರು ಎಂದು ನಾನೇ ಹೇಳಿದೆ.

"ಮಾತಾಡು ಮಾರಾಯ್ತಿ," ಎಂದು ಅವಳ ಮೊಣಕೈ ತಿವಿದೆ.

ಅವಳು ತುಟಿ ಒದ್ದೆ ಮಾಡಿಕೊಂಡಳು.

"ಶೀನಣ್ಣನಿಗೆ ಈಗ ಹೇಗುಂಟು?"

ಅಷ್ಟೇ ಮಾತು. ಅಕ್ಕುವಿನ ಕೈ ಚೀಲದೊಳಗೇ ನಿಂತಿತು. ಆಮೇಲೆ ಆ ಬಳಲಿದ ಮುಖದ ಮೇಲೆ ಒಂದು ನಗು ಬಂತು. ಹದಿನೇಳು ದಿನಗಳಲ್ಲಿ ನಾನು ಆ ಮುಖದಲ್ಲಿ ಕಂಡ ಮೊದಲ ನಗು.

"ನೀವೇ ಅಲ್ವಾ? ಫೋನಿನ ಹುಡುಗಿ?"

ಭವ್ಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು.

ಅಕ್ಕು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಈ ಸ್ವರ ನನಗೆ ಗೊತ್ತುಂಟು ಬಾಯಮ್ಮ ಎಂದರು. ಯಾರೂ ಕೇಳದೇ ಇದ್ದ ಕತೆಯನ್ನು ಅವರು ನಿಂತಲ್ಲೇ ಹೇಳಿದರು. ಪೊಲೀಸರು ಕೇಳಿದ್ದು ಗ್ಯಾಸ್ ಬಂದಾಗ ಸೈರನ್ ಕೂಗಿತಾ ಎಂದು ಮಾತ್ರ. ನಾನೂ ಅಷ್ಟನ್ನೇ ಕೇಳಿದ್ದೆ.

ಒಂದು ದಿನ ಬೆಳಿಗ್ಗೆ ಶೀನ ಟೆಸ್ಟ್ ಪರದೆ ಮುಚ್ಚಿದ ಮೇಲೆ ಮರೆತು ಮತ್ತೆ ತೆರೆದು ಇನ್ನೊಮ್ಮೆ ಒತ್ತಿದರಂತೆ. ಎರಡನೆಯ ಸಲ ಕೂಗಲಿಲ್ಲ. ಅವರು ಸುಮ್ಮನೆ ಬಿಡುವ ಜನ ಅಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ ಎಂದು ತಾವೇ ಕಂಡುಕೊಂಡು, ಅಂದಿನಿಂದ ದಿನಾ ಟೆಸ್ಟ್ ಆದ ಮೇಲೆ ಹಾಗೇ ಮಾಡುತ್ತಿದ್ದರು. ಟ್ಯಾಬ್ಲೆಟ್ಟಿನ ಪಕ್ಕ ಅಂಟಿಸಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿ ತಿಳಿಸಿಯೂ ಇದ್ದರು. ಒಬ್ಬಳು ಹುಡುಗಿ ಎತ್ತಿ, ಶೀನಣ್ಣ ಎಂದು ಬಾಯಿ ತುಂಬ ಕರೆದು, ಎಲ್ಲ ಬರೆದುಕೊಂಡಳಂತೆ. ಆಮೇಲೆ ಎರಡು ದಿನಕ್ಕೊಮ್ಮೆ ಅವಳೇ ಫೋನ್ ಮಾಡಿ ವಿಚಾರಿಸುತ್ತಿದ್ದಳಂತೆ. ಶೀನ ಸಂಜೆ ಮನೆಗೆ ಬಂದು, ಕಂಪನಿಯಲ್ಲಿ ಒಬ್ಬಳಾದರೂ ಕಾಳಜಿಯವಳು ಉಂಟು ಎನ್ನುತ್ತಿದ್ದರಂತೆ.

ದೂರುಗಳ ಪುಸ್ತಕದಲ್ಲಿ ಒಂದಕ್ಷರ ಇರಲಿಲ್ಲ.

"ಆ ದಿನ ಫೋನ್ ಬಂದಿತ್ತಾ ಅಕ್ಕು?"

"ಬಂದಿತ್ತಲ್ಲ. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ, ಹನ್ನೊಂದಾಗುತ್ತಾ ಬಂದಿತ್ತು. ಇವರ ಕೈ ಒದ್ದೆ ಅಂತ ಸ್ಪೀಕರಿಗೆ ಹಾಕಿದ್ದರು. ಇನ್ನೊಮ್ಮೆ ಒತ್ತಿ ನೋಡಿ ಶೀನಣ್ಣ ಅಂದಳು. ನೆರೆಯವರು ಬೈತಾರೆ ಅಂದರು ಇವರು. ಒಂದು ಸಲ ಅಂದಳು. ಒತ್ತಿದರು, ಕೂಗಿತು." ಅಕ್ಕು ಭವ್ಯಶ್ರೀಯ ಕೈ ಸವರಿದರು. "ಮತ್ತೆ ಇವರು ಆ ಪರದೆ ಮುಚ್ಚಿ ಆಫ್ ಮಾಡ್ಲಿಕ್ಕೆ ಹೋದರು. ಆಗ ಹೇಳಿದಳು, ಈ ಸಲ ಆಫ್ ಮಾಡಬೇಡಿ ಶೀನಣ್ಣ, ಹಾಗೇ ಇರಲಿ ಅಂತ."

ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ನಾನು ಗೋಡೆಗೆ ಸರಿದು ದಾರಿ ಬಿಟ್ಟೆ.

ಅಷ್ಟಾದರೂ ನನ್ನ ಮನಸ್ಸು ಅವಳ ಪರವಾಗಿಯೇ ಕಾರಣ ಹುಡುಕಿತು. ಸರಿ ಮಾಡಿದ್ದೇನೆ ಎಂದುಕೊಂಡಿರಬಹುದು. ಪರೀಕ್ಷೆ ಮಾಡಲು ಹೇಳಿರಬಹುದು. ಆದರೆ ಸರಿ ಮಾಡಿದ ಒಂದು ಸಾಲೂ ದಾಖಲೆಯಲ್ಲಿ ಇರಲಿಲ್ಲ. ಒಂದು ಗಂಟೆ ಹದಿನೆಂಟು ನಿಮಿಷ ಕಳೆದ ಮೇಲೆ ಯಾರೋ ಸ್ಪ್ಯಾನರ್ ಹಿಡಿದು ಬಂದಿದ್ದರು.

"ಭವ್ಯಶ್ರೀ," ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. "ಅಲ್ಲ ಅಂತ ಹೇಳು."

ಅವಳು ಐಸಿಯುವಿನ ಬಾಗಿಲನ್ನೇ ನೋಡುತ್ತಿದ್ದಳು.

"ಹೇಳಿದ್ದು ನಾನೇ ಮೇಡಂ. ಯಾಕೆ ಅಂತ ಇಲ್ಲಿ ಕೇಳಬೇಡಿ."

ಅಳು ಇಲ್ಲ, ನಡುಕ ಇಲ್ಲ. ಬೇಕರಿಯಲ್ಲಿ ಅತ್ತವಳು ಇವಳೇನಾ ಎಂದು ನೋಡಿದೆ. ಮೊನ್ನೆ ನನ್ನ ಮನೆಗೆ ಬಂದವಳು ನಿಜವಾಗಿ ತಿಳಿಯಲು ಬಂದದ್ದು ತನ್ನ ತಪ್ಪನ್ನೋ, ನನಗೆ ಎಷ್ಟು ಗೊತ್ತಾಗಿದೆ ಎಂಬುದನ್ನೋ?

ನನ್ನ ಚೀಲದೊಳಗೆ ಫೋನ್ ಹೊಡೆದುಕೊಂಡಿತು. ಕಾಪು ಠಾಣೆಯ ಎಸ್‌ಐ. ಡೀನ್ ಎದುರಿಗೇ ಕೂತಿದ್ದಾನೆ, ಪತ್ರ ಓದಿದೆ, ಕೆಳಗೆ ನಿಮ್ಮ ಸಹಿಯೂ ಉಂಟು ಎಂದರು.

"ಹಾಗಾದರೆ ಆ ಹುಡುಗಿಯ ಹೆಸರು ತೆಗೆಯಬಹುದಲ್ವಾ ಮೇಡಂ? ನೀವು ಹೂಂ ಅಂದರೆ ಈಗಲೇ ತೆಗೆಯುತ್ತೇನೆ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು. ಎಸ್‌ಐ ಮತ್ತೊಮ್ಮೆ ಮೇಡಂ ಎಂದರು. ನನ್ನೆದುರು ಅಕ್ಕು ಅವಳನ್ನು ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಇವರಿಗೆ ಎಚ್ಚರ ಬಂದ ಕೂಡಲೇ ಮೊದಲು ನಿಮ್ಮ ಸ್ವರ ಕೇಳಿಸುತ್ತೇನೆ ಎನ್ನುತ್ತಿದ್ದರು. ಹಿಡಿದ ಕೈಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ.